ಶೇರ್ ಟ್ರೇಡರ್ ದಿನವಿಡೀ ಮಾಡೋದೇನು? ಓದುಗರ ಪ್ರಶ್ನೆ, ನಮ್ಮ ಉತ್ತರ

ವರ್ಷಗಟ್ಟಲೆ ಶೇರ್ ಇಟ್ಕೊಳ್ಳೋರು ಇನ್ವೆಸ್ಟರ್, ನಿಮಿಷ, ಗಂಟೆ ಅಥವಾ ಕೆಲವೇ ದಿನದ ಲೆಕ್ಕದಲ್ಲಿ ಕೊಂಡು ಮಾರೋರು ಟ್ರೇಡರ್ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ತುಂಬಾ ಪತ್ರ ಬಂದಿವೆ. ಅರ್ಧಕ್ಕಿಂತ ಜಾಸ್ತಿ ಜನ ಕೇಳಿರೋದು ಯಾವ ಶೇರ್ ತಗೋಬೇಕು ಅಂತ, ಅದಕ್ಕೆ ಈ ಅಂಕಣದಲ್ಲಿ ಯಾವತ್ತೂ ಉತ್ತರ ಇರಲ್ಲ. ಆದ್ರೆ ಕೆಲವರು ಈ ಕೆಲಸ ಹೇಗಿರತ್ತೆ, ಅವರು ಇಡೀ ದಿನ ಏನ್ ಮಾಡ್ತಾರೆ ಅಂತ ಕೇಳಿದ್ದಾರೆ, ಓದಿ ಖುಷಿ ಆಯ್ತು, ಯಾಕಂದ್ರೆ ಇದನ್ನ ಕೇಳೋರೇ ಕಡಿಮೆ. ಈ ಸಲ ಪೂರ್ತಿ ಜಾಗ ಅವರಿಗೇ.

ಪ್ರಶ್ನೆ: ಟ್ರೇಡರ್ ಅಂದ್ರೆ ಬೆಳಗ್ಗೆಯಿಂದ ಸಂಜೆವರೆಗೂ ಬೈ, ಸೆಲ್ ಒತ್ತುತ್ತಾನೇ ಇರ್ತಾರಾ? ಮಾರ್ಕೆಟ್ ಓಪನ್ ಆಗೋಕೆ ಮುಂಚೆ ಅವರಿಗೆ ಏನಾದ್ರೂ ಕೆಲಸ ಇರತ್ತಾ?

ಉತ್ತರ: ನಿಜವಾದ ಕೆಲಸ ಇರೋದೇ ಓಪನ್ ಆಗೋಕೆ ಮುಂಚೆ ಸಾರ್. ಒಂದು ಗಂಟೆ, ಒಂದೂವರೆ ಗಂಟೆ ಮುಂಚೆ ಬಂದು ಕೂತ್ಕೊಳ್ತಾರೆ, ಕೂತ ತಕ್ಷಣ ನೋಡೋದು ಹೊಸ ಐಡಿಯಾ ಅಲ್ಲ, ಕೈಯಲ್ಲಿ ಈಗಾಗ್ಲೇ ಏನಿದೆ ಅಂತ. ನಿನ್ನೆ ಮಾರದೆ ಉಳಿಸ್ಕೊಂಡ ಶೇರ್ ಬಗ್ಗೆ ರಾತ್ರಿ ಏನಾದ್ರೂ ಸುದ್ದಿ ಬಂದಿದ್ಯಾ, ಬೇರೆ ದೇಶದ ಮಾರ್ಕೆಟ್ ಹೇಗೆ ಕ್ಲೋಸ್ ಆಯ್ತು, ಇವತ್ತು ಯಾವ ಕಂಪನಿ ರಿಸಲ್ಟ್ ಇದೆ, ಬಡ್ಡಿ ದರದ್ದೋ ಹಣದುಬ್ಬರದ್ದೋ ಅಂಕಿ ಎಷ್ಟು ಗಂಟೆಗೆ ಬರತ್ತೆ, ಯಾವ ಶೇರ್ ಇವತ್ತು ಎಕ್ಸ್-ಡಿವಿಡೆಂಡ್ ಆಗತ್ತೆ (ಅಂದ್ರೆ ಕಂಪನಿ ಈ ಸಲ ಹಂಚೋ ಲಾಭದ ಪಾಲು, ಡಿವಿಡೆಂಡ್, ಇವತ್ತಿಂದ ಕೊಂಡೋರಿಗೆ ಸಿಗಲ್ಲ), ಇದೆಲ್ಲ ನೋಡ್ಕೊಳ್ಬೇಕು. ಆ ಕೊನೇದು ಸಣ್ಣ ವಿಷಯ ಅನ್ಸತ್ತೆ, ಆದ್ರೆ ಡಿವಿಡೆಂಡ್ ಕಳೆದು ಓಪನ್ ಆಗೋ ಶೇರನ್ನ ನೋಡಿ "ಅಯ್ಯೋ ಬಿದ್ದೋಯ್ತು" ಅಂತ ಮಾರೋ ಹೊಸಬರು ಈಗಲೂ ಇದ್ದಾರೆ.

ಇಷ್ಟಾದ್ಮೇಲೆ ನಾಲ್ಕೈದು ಶೇರ್ ಆರಿಸ್ಕೊಂಡು ಒಂದೊಂದಕ್ಕೂ ಮೂರು ಅಂಕಿ ಬರ್ಕೊಳ್ತಾರೆ: ಎಷ್ಟಕ್ಕೆ ಕೊಳ್ಳೋದು, ಎಷ್ಟಕ್ಕೆ ಬಂದ್ರೆ ನನ್ನ ಲೆಕ್ಕ ತಪ್ಪು ಅಂತ ಒಪ್ಕೊಂಡು ಹೊರಗೆ ಬರೋದು, ಎಷ್ಟು ಶೇರ್ ಕೊಳ್ಳೋದು. ಮೂರನೇದು ಮೊದಲೆರಡರಿಂದ ಹುಟ್ಟಬೇಕು, ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಕ್ಯಾಪಿಟಲ್ 1,00,000 ಅಂದ್ಕೊಳ್ಳಿ, ಯಾವ ಕರೆನ್ಸಿ ಆದ್ರೂ ಸರಿ. ಒಂದು ಟ್ರೇಡ್‌ನಲ್ಲಿ 1%ಗಿಂತ ಹೆಚ್ಚು ಕಳ್ಕೊಳ್ಳಲ್ಲ ಅಂತ ನಿಯಮ ಇಟ್ಕೊಂಡ್ರೆ ಕಳ್ಕೊಳ್ಳೋಕೆ ಇರೋದು 1,000. ಎಂಟ್ರಿ, ಅಂದ್ರೆ ಕೊಳ್ಳೋ ಬೆಲೆ 250, ಸ್ಟಾಪ್‌ಲಾಸ್, ಅಂದ್ರೆ ತಪ್ಪು ಒಪ್ಕೊಂಡು ಹೊರಗೆ ಬರೋ ಬೆಲೆ 240 ಆದ್ರೆ ಒಂದು ಶೇರ್‌ಗೆ ರಿಸ್ಕ್ 10, ಅಂದ್ರೆ 100 ಶೇರ್ ತಗೋಬಹುದು. ಅದೇ ಶೇರ್ ಜೋರಾಗಿ ಏರಿಳಿತ ಇರೋದಾಗಿ ಸ್ಟಾಪ್‌ಲಾಸ್ 225ರಲ್ಲಿ ಇಡಬೇಕಾದ್ರೆ ರಿಸ್ಕ್ 25, ಆಗ 40 ಶೇರ್ ಮಾತ್ರ. ಎರಡೂ ಕಡೆ ಕಳ್ಕೊಳ್ಳೋದು ಅದೇ 1,000. ಹೊಸಬರು ಇದನ್ನ ತಿರುಗಿಸಿ ಮಾಡ್ತಾರೆ, ದುಡ್ಡಿದ್ದಷ್ಟೂ ಶೇರ್ ಮೊದಲು ಕೊಂಡ್ಬಿಟ್ಟು ಸ್ಟಾಪ್‌ಲಾಸ್ ಎಲ್ಲಿಡೋದು ಅಂತ ಆಮೇಲೆ ಯೋಚಿಸ್ತಾರೆ. ನನ್ನ ಪ್ರಕಾರ ಟ್ರೇಡರ್ ಹೌದೋ ಅಲ್ವೋ ಅಂತ ತಿಳ್ಕೊಳ್ಳೋಕೆ ಅವರ ಲಾಭ ಕೇಳ್ಬೇಕಿಲ್ಲ, ಈ ಕ್ವಾಂಟಿಟಿ ಹೇಗೆ ಬಂತು ಅಂತ ಕೇಳಿದ್ರೆ ಸಾಕು.

ಓಪನಿಂಗ್ ಹೇಗೆ ನಡೆಯತ್ತೆ ಅಂದ್ರೆ, ಬಹಳಷ್ಟು ಎಕ್ಸ್‌ಚೇಂಜ್‌ಗಳಲ್ಲಿ ಮೊದಲು ಒಂದು ಆಕ್ಷನ್, ಅಂದ್ರೆ ಹರಾಜು ಇರತ್ತೆ, ಎಲ್ಲಾ ಆರ್ಡರ್ ಒಟ್ಟು ಹಾಕಿ ಯಾವ ಬೆಲೆಗೆ ಅತಿ ಹೆಚ್ಚು ಶೇರ್ ಕೈ ಬದಲಾಗತ್ತೋ ಆ ಒಂದೇ ಬೆಲೆಯಲ್ಲಿ ಓಪನ್ ಮಾಡ್ತಾರೆ. ಅದಾದ್ಮೇಲಿನ ಅರ್ಧ ಗಂಟೆ ಭಾರಿ ಗಲಾಟೆ, ವಾಲ್ಯೂಮ್ (ಕೈ ಬದಲಾಗೋ ಶೇರ್ ಸಂಖ್ಯೆ) ಜಾಸ್ತಿ, ಆದ್ರೆ ಬಿಡ್‌ಗೂ (ಕೊಳ್ಳೋರು ಹೇಳೋ ಬೆಲೆ) ಆಸ್ಕ್‌ಗೂ (ಮಾರೋರು ಕೇಳೋ ಬೆಲೆ) ನಡುವಿನ ಅಂತರ, ಅಂದ್ರೆ ಸ್ಪ್ರೆಡ್ ಕೂಡ ಅಗಲವಾಗೇ ಇರತ್ತೆ. ಮಧ್ಯಾಹ್ನ ಎಲ್ಲಾ ತಣ್ಣಗಾಗತ್ತೆ. ಕ್ಲೋಸ್ ಹತ್ರ ಬಂದಾಗ ಮತ್ತೆ ಏರತ್ತೆ, ಯಾಕಂದ್ರೆ ಇಂಡೆಕ್ಸ್ (ಸೂಚ್ಯಂಕ) ಹೇಗಿದ್ಯೋ ಹಾಗೇ ಶೇರ್ ಇಟ್ಕೊಳ್ಳೋ ಇಂಡೆಕ್ಸ್ ಫಂಡ್‌ಗಳಿಗೆ ಕ್ಲೋಸಿಂಗ್ ಬೆಲೆನೇ ಬೇಕು, ಇಂಟ್ರಾಡೇ, ಅಂದ್ರೆ ಅದೇ ದಿನ ಕೊಂಡು ಮಾರೋರೂ ಪೊಸಿಷನ್ (ಇನ್ನೂ ಮುಗಿಯದ ಟ್ರೇಡ್) ಮುಗಿಸ್ಲೇಬೇಕು. ಅನುಭವ ಇರೋರು ಮಧ್ಯಾಹ್ನ ಸುಮ್ನೆ ಕೂತ್ಕೊಳ್ತಾರೆ ಅಥವಾ ಹಳೇ ಟ್ರೇಡ್ ಲೆಕ್ಕ ನೋಡ್ತಾರೆ, ಬೇಜಾರಾಗಿ ಟ್ರೇಡ್ ಹಾಕಿದ್ರೆ ಬೆಳಗ್ಗೆ ಗಳಿಸಿದ್ದೆಲ್ಲ ಆ ಎರಡು ಗಂಟೆಯಲ್ಲೇ ಹೋಗತ್ತೆ ಅಂತ ಅವರಿಗೆ ಗೊತ್ತು.

ಪ್ರಶ್ನೆ: ನಮ್ಮ ಯಜಮಾನ್ರು ಕೆಲಸ ಬಿಟ್ಟು ಟ್ರೇಡಿಂಗ್ ಮಾಡ್ತಿದ್ದಾರೆ. ಇಡೀ ದಿನ ಸ್ಕ್ರೀನ್ ಮುಂದೆ ಕೂತಿರ್ತಾರೆ, ಕೇಳಿದ್ರೆ "ಇವತ್ತು ಒಂದೂ ಟ್ರೇಡ್ ಇಲ್ಲ" ಅಂತಾರೆ. ಮಾತಾಡ್ಸಿದ್ರೆ ರೇಗ್ತಾರೆ. ಇದನ್ನ ಕೆಲಸ ಅಂತ ಹೇಗೆ ಒಪ್ಕೊಳ್ಳಲಿ? (ಹೆಸರು ಹಾಕ್ಬೇಡಿ)

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಟ್ರೇಡ್ ಇಲ್ಲದ ದಿನ ಇದ್ರೆ ಅದಕ್ಕೆ ಹೆದರ್ಬೇಡಿ, ನಿಜ ಹೇಳ್ಬೇಕಂದ್ರೆ ಅದು ಒಳ್ಳೇ ಲಕ್ಷಣ, ತಾವು ಬರ್ಕೊಂಡ ಬೆಲೆ ಬರದಿದ್ರೆ ಕೈ ಕಟ್ಟಿ ಕೂರೋದು ಈ ಕೆಲಸದಲ್ಲಿ ಅತಿ ಕಷ್ಟದ ಭಾಗ. ದಿನಾ ಮೂವತ್ತು ನಲವತ್ತು ಟ್ರೇಡ್ ಹಾಕ್ತಿದ್ದಾರೆ ಅಂತ ನೀವು ಬರೆದಿದ್ರೆ ನನಗೆ ಜಾಸ್ತಿ ಗಾಬರಿ ಆಗ್ತಿತ್ತು.

ಆದ್ರೆ ರೇಗೋದು ಬೇರೆ ವಿಷಯ. ಪೊಸಿಷನ್ ಓಪನ್ ಇರೋವಾಗ ತಲೆ ಪೂರ್ತಿ ಅಲ್ಲೇ ಇರತ್ತೆ, ಆಗ ಮಾತಾಡ್ಸಿದ್ರೆ ಸಿಡುಕ್ತಾರೆ, ಅದು ಸ್ವಲ್ಪ ಅರ್ಥ ಆಗತ್ತೆ. ಮಾರ್ಕೆಟ್ ಮುಗಿದು ಗಂಟೆಗಟ್ಟಲೆ ಆದ್ಮೇಲೂ, ರಜೆ ದಿನವೂ ರೇಗ್ತಾರೆ ಅಂದ್ರೆ ಮನಸ್ಸು ತಡ್ಕೊಳ್ಳೋದಕ್ಕಿಂತ ದೊಡ್ಡ ಮೊತ್ತ ಇಟ್ಟು ಆಡ್ತಿದ್ದಾರೆ ಅಂತಲೇ ನಾನು ತಿಳ್ಕೊಳ್ತೀನಿ. ಮಾರ್ಕೆಟ್ ರಜೆ ಇರೋ ದಿನ ಎದುರು ಕೂತು ಕೇಳಿ, ಜಗಳದ ದನಿಯಲ್ಲಿ ಬೇಡ: ಮನೆ ಖರ್ಚಿಗೆ ಎಷ್ಟು ತಿಂಗಳ ದುಡ್ಡು ಟ್ರೇಡಿಂಗ್ ಅಕೌಂಟಿಗೆ ಸೇರದೆ ಬೇರೆ ಇದೆ? ಒಂದು ದಿನದಲ್ಲಿ ಇಷ್ಟು ಹೋದ್ರೆ ನಿಲ್ಲಿಸ್ತೀನಿ ಅನ್ನೋ ಮಿತಿ ಎಷ್ಟು? ಸಾಲ ಮಾಡಿ ಹಾಕಿದ್ದು ಏನಾದ್ರೂ ಇದ್ಯಾ? ಮೂರಕ್ಕೂ ಅಂಕಿಯಲ್ಲಿ ಉತ್ತರ ಬಂದ್ರೆ ಅವರು ಇದನ್ನ ಕೆಲಸದ ಥರ ಮಾಡ್ತಿದ್ದಾರೆ. "ನಿಂಗೆ ಇದೆಲ್ಲ ಅರ್ಥ ಆಗಲ್ಲ" ಅಂತ ಬಂದ್ರೆ ಬ್ರೋಕರ್ ಸ್ಟೇಟ್‌ಮೆಂಟ್ ತೋರ್ಸಿ ಅಂತ ಅವರನ್ನ ಕೇಳೋ ಹಕ್ಕು ನಿಮಗಿದೆ, ದಯವಿಟ್ಟು ಬಿಟ್ಕೊಡ್ಬೇಡಿ. ಆಫೀಸಲ್ಲಿ ಕೂತು ಟ್ರೇಡ್ ಮಾಡೋ ಎಂಥಾ ಸೀನಿಯರ್‌ನೇ ಆಗ್ಲಿ, ಅವರ ಲೆಕ್ಕವನ್ನ ಇನ್ನೊಬ್ಬರು ದಿನಾ ನೋಡ್ತಾರೆ, ಮನೇಲಿ ಮಾಡೋರಿಗೆ ಆ ಇನ್ನೊಬ್ಬರು ಇರಲ್ಲ, ಅದೇ ದೊಡ್ಡ ಕೊರತೆ.

ಪ್ರಶ್ನೆ: ಆಫೀಸಲ್ಲಿ ಸಂಬಳಕ್ಕೆ ಟ್ರೇಡ್ ಮಾಡೋರೂ ಮನೇಲಿ ಸ್ವಂತ ದುಡ್ಡಲ್ಲಿ ಮಾಡೋರೂ ಒಂದೇ ಕೆಲಸ ಮಾಡ್ತಾರಾ?

ಉತ್ತರ: ಹೆಸರು ಒಂದೇ, ಕೆಲಸ ಬೇರೆ ಬೇರೆ. ದೊಡ್ಡ ಫಂಡ್‌ನ ಎಕ್ಸಿಕ್ಯೂಷನ್ ಟ್ರೇಡರ್‌ಗೆ ಯಾವ ಶೇರ್ ಅನ್ನೋ ಯೋಚನೆನೇ ಇರಲ್ಲ, ಅದನ್ನ ಫಂಡ್ ಮ್ಯಾನೇಜರ್ ಹೇಳ್ತಾರೆ, ಐದು ಲಕ್ಷ ಶೇರ್ ಕೊಡ್ಸು ಅಂತ. ಒಂದೇ ಸಲ ಆರ್ಡರ್ ಹಾಕಿದ್ರೆ ಬೆಲೆ ತಾನಾಗೇ ಮೇಲೆ ಹೋಗತ್ತೆ, ಅದಕ್ಕೆ ಅದನ್ನ ಚೂರು ಚೂರು ಮಾಡಿ ದಿನದುದ್ದಕ್ಕೂ ಹಂಚಿ, ಬೇರೆಯವರಿಗೆ ಸುಳಿವು ಸಿಗದ ಹಾಗೆ ಕೊಳ್ಬೇಕು. ದಿನದ ವಾಲ್ಯೂಮ್ ಲೆಕ್ಕ ಹಾಕಿ ತೆಗೆದ ಸರಾಸರಿ ಬೆಲೆಗೆ ವಿವ್ಯಾಪ್ (VWAP) ಅಂತಾರೆ, ಅದಕ್ಕಿಂತ ಕಡಿಮೆಗೆ ಕೊಂಡ್ರೆ ಒಳ್ಳೇ ಕೆಲಸ ಅಂತ ಲೆಕ್ಕ. ಮಾರ್ಕೆಟ್ ಮೇಕರ್‌ದು ಇನ್ನೊಂದು ಥರ, ಯಾವಾಗ್ಲೂ ಎರಡೂ ಕಡೆ ಬೆಲೆ ಹೇಳ್ತಿರ್ತಾರೆ, ಬಿಡ್‌ಗೆ ಕೊಂಡು ಆಸ್ಕ್‌ಗೆ ಮಾರಿ ನಡುವಿನ ಪುಡಿಗಾಸೇ ಅವರ ಆದಾಯ. ಇಂಥ ಕಡೆ ಲಕ್ಷಾಂತರ ಸಲ ಆ ಪುಡಿಗಾಸು ಸೇರಬೇಕು, ಈಗ ಅದು ಹೆಚ್ಚಾಗಿ ಕಂಪ್ಯೂಟರ್ ಕೆಲಸ.

ಇನ್ನೊಂದು ವ್ಯತ್ಯಾಸ, ಆಫೀಸಲ್ಲಿ ಟ್ರೇಡ್ ಹಾಕೋರು ಬೇರೆ, ಅದರ ಸೆಟಲ್‌ಮೆಂಟ್ (ಶೇರೂ ದುಡ್ಡೂ ನಿಜವಾಗಿ ಕೈ ಬದಲಾಗೋದು) ನೋಡೋರು ಬೇರೆ, ರಿಸ್ಕ್ ಅಳೆಯೋರು ಬೇರೆ. ಯಾಕೆ ಹೀಗೆ ಅಂತ ಗೊತ್ತಾಗ್ಬೇಕಾದ್ರೆ ಬೇರಿಂಗ್ಸ್ ಬ್ಯಾಂಕ್ ಕಥೆ ಓದಿ. 1762ರಲ್ಲಿ ಶುರುವಾದ ಲಂಡನ್ನಿನ ಬ್ಯಾಂಕ್ ಅದು, 1995ರಲ್ಲಿ ಮುಳುಗಿತು, ಸಿಂಗಾಪುರದಲ್ಲಿ ಕೂತಿದ್ದ ನಿಕ್ ಲೀಸನ್ ಅನ್ನೋ ಟ್ರೇಡರ್ 88888 ಅನ್ನೋ ನಂಬರ್‌ನ ಅಕೌಂಟಲ್ಲಿ ನಷ್ಟ ಮುಚ್ಚಿಟ್ಟು ಮುಚ್ಚಿಟ್ಟು ಅದು 82 ಕೋಟಿ ಪೌಂಡ್ ದಾಟಿತು. ಮುಚ್ಚಿಡೋಕೆ ಆಗಿದ್ದು ಯಾಕಂದ್ರೆ ಅಲ್ಲಿ ಟ್ರೇಡಿಂಗೂ ಸೆಟಲ್‌ಮೆಂಟೂ ಎರಡೂ ಅವನ ಕೈಯಲ್ಲೇ ಇತ್ತು. ಮೇಲಿನ ಪತ್ರಕ್ಕೆ "ಇನ್ನೊಬ್ಬರು ನೋಡ್ಬೇಕು" ಅಂತ ಬರೆದಿದ್ದು ಇದಕ್ಕೇ.

ಪ್ರಶ್ನೆ: ಸ್ಟಾಪ್‌ಲಾಸ್ ಹಾಕಿದ್ರೂ ನಾನು ಹೇಳಿದ ಬೆಲೆಗೆ ಮಾರಾಟ ಆಗ್ಲಿಲ್ಲ, ಎರಡರಷ್ಟು ನಷ್ಟ ಆಯ್ತು. ಬ್ರೋಕರ್ ಮೋಸ ಮಾಡಿದ್ರಾ?

ಉತ್ತರ: ಮೋಸ ಇರಲಾರದು, ಸ್ಟಾಪ್‌ಲಾಸ್ ಅನ್ನೋದು ಹಾಗೇ ಕೆಲಸ ಮಾಡೋದು. ಸಾಮಾನ್ಯ ಸ್ಟಾಪ್ ಆರ್ಡರ್ ಅಂದ್ರೆ "ಆ ಬೆಲೆ ಮುಟ್ಟಿದ ಕೂಡ್ಲೇ ಸಿಕ್ಕ ಬೆಲೆಗೆ ಮಾರು" ಅಂತ ಮಾತ್ರ, ಆ ಬೆಲೆಗೇ ಮಾರು ಅಂತಲ್ಲ. ಮುಟ್ಟಿದ ಮೇಲೆ ಅದು ಮಾರ್ಕೆಟ್ ಆರ್ಡರ್, ಎದುರಿಗೆ ಕೊಳ್ಳೋರು ಎಲ್ಲಿದ್ದಾರೋ ಅಲ್ಲಿಗೆ ಹೋಗತ್ತೆ. ರಾತ್ರಿ ಕೆಟ್ಟ ಸುದ್ದಿ ಬಂದು ಶೇರ್ ಗ್ಯಾಪ್ ಡೌನ್, ಅಂದ್ರೆ ನಿನ್ನೆಯ ಬೆಲೆಗಿಂತ ತುಂಬಾ ಕೆಳಗೇ ಓಪನ್ ಆದ್ರೆ, ನೀವು 240ಕ್ಕೆ ಸ್ಟಾಪ್ ಇಟ್ಟಿದ್ರೂ ಆ ಬೆಲೆ ಬರೋದೇ ಇಲ್ಲ, ನೇರ 228ಕ್ಕೆ ಮಾರಾಟ. ಈ ವ್ಯತ್ಯಾಸಕ್ಕೆ ಸ್ಲಿಪೇಜ್ ಅಂತಾರೆ.

ಇದರ ಅತಿ ಕೆಟ್ಟ ರೂಪ ಅಮೆರಿಕದಲ್ಲಿ 2010ರ ಮೇ 6ರಂದು ಮಧ್ಯಾಹ್ನ ಕಾಣಿಸ್ತು. ಅಲ್ಲಿನ ದೊಡ್ಡ ಕಂಪನಿಗಳ ಸೂಚ್ಯಂಕ ಡೌ ಜೋನ್ಸ್ ಆ ದಿನ ಹೆಚ್ಚುಕಮ್ಮಿ 1,000 ಪಾಯಿಂಟ್ ಕೆಳಗೆ ಹೋಗಿ, ಅದರಲ್ಲಿ ಬಹುಪಾಲು ಕೆಲವೇ ನಿಮಿಷದಲ್ಲಿ ವಾಪಸ್ ಬಂತು, ಫ್ಲಾಶ್ ಕ್ರ್ಯಾಶ್ ಅಂತ ಕರೀತಾರೆ. ಆ ನಿಮಿಷಗಳಲ್ಲಿ ಕೊಳ್ಳೋ ಆರ್ಡರ್‌ಗಳು ಮಾಯ ಆಗಿ ಕೆಲವು ದೊಡ್ಡ ಕಂಪನಿಗಳ ಶೇರ್ ಒಂದು ಸೆಂಟ್‌ಗೆ ಕೈ ಬದಲಾಯ್ತು. ಆಮೇಲೆ ಎಕ್ಸ್‌ಚೇಂಜ್‌ಗಳು ಕುಸಿತಕ್ಕೆ ಸ್ವಲ್ಪ ಮುಂಚಿನ ಬೆಲೆಯಿಂದ 60%ಗಿಂತ ಹೆಚ್ಚು ದೂರ ಹೋಗಿದ್ದ ಟ್ರೇಡ್‌ಗಳನ್ನ ರದ್ದು ಮಾಡಿದ್ವು, ಅಂದ್ರೆ 50% ಕೆಳಗೆ ಮಾರಿದ್ದವರ ಟ್ರೇಡ್ ಹಾಗೇ ಉಳೀತು, ಅವರಿಗೆ ಎಷ್ಟು ಸಂಕಟ ಆಗಿರ್ಬೇಡ. ಸ್ಟಾಪ್-ಲಿಮಿಟ್ (ಇಷ್ಟಕ್ಕಿಂತ ಕೆಳಗೆ ಮಾರ್ಬೇಡ ಅಂತ ಲಿಮಿಟ್ ಇರೋ ಸ್ಟಾಪ್ ಆರ್ಡರ್) ಹಾಕಿದ್ರೆ ಇಂಥ ಹುಚ್ಚು ಬೆಲೆಗೆ ಮಾರಾಟ ಆಗಲ್ಲ, ಆದ್ರೆ ಬೆಲೆ ನಿಮ್ಮ ಲಿಮಿಟ್ ದಾಟಿ ಕೆಳಗೆ ಹೋದ್ರೆ ಮಾರಾಟನೇ ಆಗದೆ ಶೇರ್ ಕೈಯಲ್ಲೇ ಉಳಿಯತ್ತೆ. ಎರಡರಲ್ಲಿ ಒಂದು ಅಪಾಯ ಒಪ್ಕೊಳ್ಳಲೇಬೇಕು. ಅದಕ್ಕೆ ಹಳಬರು ರಿಸಲ್ಟ್ ಹಿಂದಿನ ದಿನವೇ ಕ್ವಾಂಟಿಟಿ ಅರ್ಧ ಮಾಡ್ತಾರೆ ಅಥವಾ ಪೂರ್ತಿ ಹೊರಗೆ ಬರ್ತಾರೆ, ಮಾರ್ಕೆಟ್ ಮುಚ್ಚಿರೋವಾಗ ಸ್ಟಾಪ್‌ಲಾಸ್ ಕಾಪಾಡಲ್ಲ.

ಪ್ರಶ್ನೆ: ಎಷ್ಟು ಸ್ಕ್ರೀನ್ ಬೇಕು?

ಉತ್ತರ: ಶುರುವಿಗೆ ಒಂದು, ಆಮೇಲೆ ಎರಡು. ಇಂಟರ್ನೆಟ್ ಕೈಕೊಟ್ರೆ ಪೊಸಿಷನ್ ಮುಚ್ಚೋಕೆ ಎರಡನೇ ಕನೆಕ್ಷನ್, ಬ್ರೋಕರ್ ಡೀಲಿಂಗ್ ಡೆಸ್ಕ್ ಫೋನ್ ನಂಬರ್, ಇವು ನಾಲ್ಕನೇ ಸ್ಕ್ರೀನ್‌ಗಿಂತ ಮುಖ್ಯ.

ಪ್ರಶ್ನೆ: ನನಗೆ 24 ವರ್ಷ, ಆರು ತಿಂಗಳಿಂದ ಲಾಭದಲ್ಲಿದ್ದೀನಿ. ಕೆಲಸ ಬಿಟ್ಟು ಫುಲ್ ಟೈಮ್ ಡೇ ಟ್ರೇಡಿಂಗ್ ಮಾಡ್ಲಾ ಸಾರ್? ಮನೇಲಿ ಬೇಡ ಅಂತಾರೆ.

ಉತ್ತರ: ತಮ್ಮಾ, ಬಿಡ್ಬೇಡ. ಇದನ್ನ ನಿನ್ನ ಮೇಲಿನ ಕಾಳಜಿಯಿಂದಲೇ ಹೇಳ್ತಿದ್ದೀನಿ, ಸ್ವಲ್ಪ ಅಂಕಿ ಕೊಡ್ತೀನಿ, ನೀನೇ ನೋಡು. ಅಮೆರಿಕದಲ್ಲಿ ಬಾರ್ಬರ್, ಓಡಿಯನ್ ಅನ್ನೋ ಇಬ್ಬರು ಪ್ರೊಫೆಸರ್‌ಗಳು 1991ರಿಂದ 1996ರವರೆಗೆ 66 ಸಾವಿರಕ್ಕೂ ಹೆಚ್ಚು ಮನೆಗಳ ಬ್ರೋಕರೇಜ್ ಅಕೌಂಟ್ ತೆಗೆದು ನೋಡಿದ್ರು, ಆ ಹೊತ್ತಲ್ಲಿ ಮಾರ್ಕೆಟ್ ವರ್ಷಕ್ಕೆ 17.9% ಕೊಟ್ಟಿತ್ತು, ಅತಿ ಹೆಚ್ಚು ಟ್ರೇಡ್ ಮಾಡಿದ ಗುಂಪಿಗೆ ಸಿಕ್ಕಿದ್ದು 11.4%. ಬ್ರೆಜಿಲ್‌ನಲ್ಲಿ ಇಂಡೆಕ್ಸ್ ಫ್ಯೂಚರ್ಸ್‌ನಲ್ಲಿ (ಸೂಚ್ಯಂಕದ ಮುಂದಿನ ಬೆಲೆ ಮೇಲಿನ ಒಪ್ಪಂದ) ಡೇ ಟ್ರೇಡಿಂಗ್ ಶುರು ಮಾಡಿದವರ ಮೇಲೆ ಇನ್ನೊಂದು ಸ್ಟಡಿ ಆಯ್ತು, 300 ದಿನಕ್ಕಿಂತ ಹೆಚ್ಚು ಬಿಡದೆ ಮಾಡಿದವರಲ್ಲೂ 97% ಜನ ನಷ್ಟದಲ್ಲಿದ್ರು. ಅಂದ್ರೆ ಬಿಡದೆ ಮಾಡ್ತಾ ಹೋದ್ರೆ ಕಲ್ತುಬಿಡ್ತೀನಿ ಅನ್ನೋದೂ ಅಲ್ಲಿ ನಡೀಲಿಲ್ಲ.

ಯಾಕೆ ಹೀಗೆ ಅಂತ ಕೇಳಿದ್ರೆ ಒಂದು ದೊಡ್ಡ ಕಾರಣ ಖರ್ಚು. ಬ್ರೋಕರೇಜ್, ಟ್ಯಾಕ್ಸ್, ಸ್ಪ್ರೆಡ್, ಸ್ಲಿಪೇಜ್ ಎಲ್ಲಾ ಸೇರಿ ಒಂದು ಸಲ ಕೊಂಡು ಮಾರೋಕೆ 0.1% ಅಂತ ಇಟ್ಕೋ. ಪೂರ್ತಿ ಕ್ಯಾಪಿಟಲ್ ಹಾಕಿ ದಿನಕ್ಕೆ ಎರಡು ಸಲ, ವರ್ಷಕ್ಕೆ 250 ದಿನ ಮಾಡಿದ್ರೆ 500 ಸಲ, ಅಂದ್ರೆ ಕ್ಯಾಪಿಟಲ್‌ನ ಅರ್ಧದಷ್ಟು ಖರ್ಚಿಗೇ ಹೋಯ್ತು, ನೀನು ಗಳಿಸೋದು ಆಮೇಲಿನ ಮಾತು. ಜೊತೆಗೆ ಲಿವರೇಜ್, ಅಂದ್ರೆ ಸಾಲದಲ್ಲಿ ನಿನ್ನ ದುಡ್ಡಿಗಿಂತ ಹೆಚ್ಚು ಶೇರ್ ಕೊಳ್ಳೋದು, ಐದು ಪಟ್ಟು ತಗೊಂಡಿದ್ರೆ ಶೇರ್ 20% ಬಿದ್ರೆ ನಿನ್ನ ದುಡ್ಡು ಪೂರ್ತಿ ಖಾಲಿ. ಆಮೇಲೆ 50% ಕಳ್ಕೊಂಡ್ರೆ ಹಳೇ ಜಾಗಕ್ಕೆ ಬರೋಕೆ 100% ಗಳಿಸ್ಬೇಕು, ಎಷ್ಟೋ ಜನ ಆ ಹಂತದಲ್ಲೇ ದೊಡ್ಡ ದೊಡ್ಡ ಟ್ರೇಡ್ ಹಾಕಿ ಮುಗಿದು ಹೋಗ್ತಾರೆ.

ಹತ್ತರಲ್ಲಿ ನಾಲ್ಕು ಸಲ ಮಾತ್ರ ಗೆದ್ದೂ ಬದುಕೋ ಟ್ರೇಡರ್‌ಗಳಿದ್ದಾರೆ, ಗೆದ್ದಾಗ 2, ಸೋತಾಗ 1 ಅಂತ ಹಿಡಿದ್ರೆ ಹತ್ತು ಟ್ರೇಡ್‌ಗೆ 8 ಬಂದು 6 ಹೋಗತ್ತೆ, 2 ಉಳಿಯತ್ತೆ. ಹತ್ತರಲ್ಲಿ ಎಂಟು ಗೆದ್ದೂ ಮುಳುಗೋರೂ ಇದ್ದಾರೆ, ಸೋತ ಎರಡನ್ನ ಕಟ್ ಮಾಡದೆ ಹಿಡ್ಕೊಂಡು ಕೂತವರು. ನಿನ್ನ ಆರು ತಿಂಗಳ ಲಾಭದಲ್ಲಿ ಸರಾಸರಿ ಗೆಲುವು ಎಷ್ಟು, ಸರಾಸರಿ ಸೋಲು ಎಷ್ಟು, ಖರ್ಚು ಕಳೆದು ಉಳಿದಿದ್ದೆಷ್ಟು, ಆ ಆರು ತಿಂಗಳು ಮಾರ್ಕೆಟ್ ತಾನೇ ಏರ್ತಾ ಇತ್ತಾ, ಇದನ್ನ ಒಂದು ಶೀಟಲ್ಲಿ ಹಾಕು. ಕೆಲಸ ಇಟ್ಕೊಂಡೇ, ಇಂಟ್ರಾಡೇ ಬಿಟ್ಟು ಕೆಲವು ದಿನ ಹಿಡಿಯೋ ಟ್ರೇಡ್‌ಗಳನ್ನ ಸಣ್ಣ ಮೊತ್ತದಲ್ಲಿ ಮಾಡು, ಜೋರಾಗಿ ಬೀಳೋ ಒಂದು ಮಾರ್ಕೆಟನ್ನ ಒಳಗಿದ್ದು ನೋಡು. ಮನೆಯವರು ಬೇಡ ಅಂತಿರೋದು ನಿನ್ನ ಮೇಲೆ ನಂಬಿಕೆ ಇಲ್ಲದೆ ಅಂತ ಅಂದ್ಕೋಬೇಡ. ಸಂಬಳ ಬರ್ತಿದ್ರೆ ಈ ತಿಂಗಳ ಬಾಡಿಗೆಗೋಸ್ಕರ ಟ್ರೇಡ್ ಹಾಕೋ ಗತಿ ಬರಲ್ಲ, ಆ ಒತ್ತಡದಲ್ಲಿ ಹಾಕೋ ಟ್ರೇಡ್‌ನಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಪ್ರಶ್ನೆ: ಈಗೆಲ್ಲ ಕಂಪ್ಯೂಟರೇ ಟ್ರೇಡ್ ಮಾಡತ್ತಂತೆ. ಮನುಷ್ಯರಿಗೆ ಏನು ಕೆಲಸ ಉಳಿದಿದೆ? ತಪ್ಪು ಆರ್ಡರ್ ಬಿದ್ರೆ ಏನಾಗತ್ತೆ?

ಉತ್ತರ: ಕಾವಲು ಕಾಯೋ ಕೆಲಸ ಉಳಿದಿದೆ, ಅದು ಸಣ್ಣದಲ್ಲ. 2012ರಲ್ಲಿ ನೈಟ್ ಕ್ಯಾಪಿಟಲ್ ಅನ್ನೋ ಅಮೆರಿಕದ ಟ್ರೇಡಿಂಗ್ ಸಂಸ್ಥೆಯಲ್ಲಿ ಹೊಸ ಸಾಫ್ಟ್‌ವೇರ್ ಎಂಟು ಸರ್ವರ್‌ಗೆ ಹಾಕ್ಬೇಕಿತ್ತು, ಒಂದರಲ್ಲಿ ಬಿಟ್ಟುಹೋಯ್ತು. ಆಗಸ್ಟ್ 1ರಂದು ಆ ಒಂದು ಸರ್ವರ್ ಹಳೇ ಕೋಡ್ ಓಡಿಸಿ ಸುಮಾರು 45 ನಿಮಿಷ ಬೇಡದ ಶೇರ್‌ಗಳನ್ನ ಕೊಂಡು ಮಾರಿ 40 ಕೋಟಿ ಡಾಲರ್‌ಗೂ ಮೀರಿ ನಷ್ಟ ಮಾಡ್ತು. ಓಪನ್ ಆಗೋಕೆ ಮುಂಚೆನೇ ಸಿಸ್ಟಮ್ ಎಚ್ಚರಿಕೆಯ ಇಮೇಲ್‌ಗಳನ್ನ ಕಳಿಸಿತ್ತು, ಅದನ್ನ ನೋಡಿ ಏನೂ ಕ್ರಮ ತಗೊಳ್ಳಲಿಲ್ಲ.

ಮನುಷ್ಯರ ಕೈ ತಪ್ಪೂ ಅಷ್ಟೇ ದುಬಾರಿ. 2005ರ ಡಿಸೆಂಬರ್ 8ರಂದು ಟೋಕಿಯೋದಲ್ಲಿ ಮಿಜುಹೋ ಸೆಕ್ಯುರಿಟೀಸ್‌ನಲ್ಲಿ 6,10,000 ಯೆನ್‌ಗೆ 1 ಶೇರ್ ಮಾರೋ ಬದಲು 1 ಯೆನ್‌ಗೆ 6,10,000 ಶೇರ್ ಮಾರೋ ಆರ್ಡರ್ ಹೋಯ್ತು. ಆ ಕಂಪನಿ, ಜೆ-ಕಾಮ್, ಅವತ್ತೇ ಲಿಸ್ಟ್ ಆಗಿದ್ದು, ಅದರ ಹತ್ರ ಒಟ್ಟು ಅಷ್ಟು ಶೇರೇ ಇರ್ಲಿಲ್ಲ. ಸ್ಕ್ರೀನ್ ಮೇಲೆ ವಾರ್ನಿಂಗ್ ಬಂದಿತ್ತು, ಮುಚ್ಚಿ ಮುಂದೆ ಹೋದ್ರು. ಗೊತ್ತಾಗಿ ಕ್ಯಾನ್ಸಲ್ ಮಾಡೋಕೆ ಹೋದ್ರೆ ಎಕ್ಸ್‌ಚೇಂಜ್ ಸಿಸ್ಟಮ್ ತಗೊಳ್ಳಲೇ ಇಲ್ಲ. ದಿನಕ್ಕೆ ನೂರು ಸಲ ಅದೇ ವಾರ್ನಿಂಗ್ ನೋಡೋ ಡೆಸ್ಕ್‌ನಲ್ಲಿ ನೂರಾ ಒಂದನೇದನ್ನ ಓದೋದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು, ಅದಕ್ಕೇ ಒಳ್ಳೇ ಕಡೆಗಳಲ್ಲಿ ಒಂದು ಮಿತಿ ದಾಟಿದ ಆರ್ಡರ್ ವಾರ್ನಿಂಗ್ ಕೊಡೋದಲ್ಲ, ಇನ್ನೊಬ್ಬರು ಒಪ್ಪಿಗೆ ಕೊಡೋವರೆಗೂ ಹೋಗೋದೇ ಇಲ್ಲ. ತಪ್ಪು ಆರ್ಡರ್ ಬಿದ್ರೆ ಮಾಡ್ಬೇಕಾಗಿರೋದು ಮೊದಲು ಪೊಸಿಷನ್ ಮುಚ್ಚೋದು, ತಕ್ಷಣ ಮೇಲಿನವರಿಗೆ ಹೇಳೋದು. ಬೆಲೆ ನಮ್ಮ ಕಡೆ ತಿರುಗತ್ತೆ ಅಂತ ಕಾಯೋಕೆ ಶುರು ಮಾಡಿದ್ರೆ ಅದು ತಪ್ಪು ಆರ್ಡರ್ ಆಗಿ ಉಳಿಯಲ್ಲ, ನೀವೇ ಆರಿಸ್ಕೊಂಡ ಟ್ರೇಡ್ ಆಗ್ಬಿಡತ್ತೆ.

ಪ್ರಶ್ನೆ: ಮಾರ್ಕೆಟೇ ನಿಂತೋದ್ರೆ ಟ್ರೇಡರ್ ಏನ್ ಮಾಡ್ತಾರೆ?

ಉತ್ತರ: ಅಮೆರಿಕದಲ್ಲಿ ಎಸ್ ಅಂಡ್ ಪಿ 500 ಇಂಡೆಕ್ಸ್ 7% ಬಿದ್ರೆ ಟ್ರೇಡಿಂಗ್ 15 ನಿಮಿಷ ನಿಲ್ಲಿಸ್ತಾರೆ, 13%ಗೆ ಇನ್ನೊಂದು ಸಲ, 20% ಆದ್ರೆ ಆ ದಿನಕ್ಕೆ ಮುಗೀತು. 2020ರ ಮಾರ್ಚ್‌ನಲ್ಲಿ ನಾಲ್ಕು ಸಲ ಹಾಗೆ ನಿಂತಿತ್ತು. ಆ 15 ನಿಮಿಷದಲ್ಲಿ ಬಾಕಿ ಇರೋ ಆರ್ಡರ್ ಎಲ್ಲಾ ಪರಿಶೀಲಿಸ್ತಾರೆ, ಮಾರ್ಜಿನ್ (ಬ್ರೋಕರ್ ಹತ್ರ ಇಡೋ ಠೇವಣಿ) ಎಷ್ಟು ಉಳಿದಿದೆ ನೋಡ್ತಾರೆ, ಓಪನ್ ಆದ ಕೂಡ್ಲೇ ಮೊದಲು ಯಾವುದನ್ನ ಕಡಿಮೆ ಮಾಡೋದು ಅಂತ ಬರ್ಕೊಳ್ತಾರೆ.

ಪ್ರಶ್ನೆ: ಮಾರ್ಕೆಟ್ ಕ್ಲೋಸ್ ಆದ್ರೆ ಕೆಲಸ ಮುಗೀತಲ್ವಾ?

ಉತ್ತರ: ಇನ್ನೂ ಒಂದು ಗಂಟೆ ಇರತ್ತೆ. ಹಾಕಿದ ಪ್ರತಿ ಟ್ರೇಡ್ ಬ್ರೋಕರ್ ಕಳಿಸೋ ಕಾಂಟ್ರಾಕ್ಟ್ ನೋಟ್ (ಆ ದಿನದ ಟ್ರೇಡ್‌ಗಳ ವಿವರದ ಚೀಟಿ) ಜೊತೆ ಟ್ಯಾಲಿ ಆಗ್ಬೇಕು, ಕ್ವಾಂಟಿಟಿ, ಬೆಲೆ, ಚಾರ್ಜ್ ಮೂರೂ. ಆಮೇಲೆ ಡೈರಿ. ಲಾಭ ಎಷ್ಟು ಅಂತ ಬರೆಯೋದಲ್ಲ, ಅದು ಸ್ಟೇಟ್‌ಮೆಂಟ್‌ನಲ್ಲೇ ಇರತ್ತೆ, ಬೆಳಗ್ಗೆ ಬರ್ಕೊಂಡ ಮೂರು ಅಂಕಿಗೂ ನಿಜವಾಗ್ಲೂ ಮಾಡಿದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತು ಅಂತ ಬರೆಯೋದು. ಸ್ಟಾಪ್‌ಲಾಸ್ ಸರಿಸಿದ್ರೆ ಯಾಕೆ ಸರಿಸಿದ್ರಿ, ಪ್ಲಾನ್‌ನಲ್ಲಿ ಇಲ್ಲದ ಟ್ರೇಡ್ ಹಾಕಿದ್ರೆ ಎಷ್ಟು ಗಂಟೆಗೆ ಹಾಕಿದ್ರಿ. ಆ ಗಂಟೆ ಬರೆಯೋದನ್ನ ಬಿಡ್ಬೇಡಿ, ಎರಡು ಮೂರು ತಿಂಗಳಾದ್ಮೇಲೆ ನಿಮ್ಮ ಕೆಟ್ಟ ಟ್ರೇಡ್‌ಗಳು ದಿನದ ಯಾವ ಹೊತ್ತಲ್ಲಿ ಬೀಳ್ತಿವೆ ಅಂತ ಆ ಪುಟಗಳಲ್ಲೇ ಕಾಣತ್ತೆ.

ಸೆಟಲ್‌ಮೆಂಟ್ ಲೆಕ್ಕವೂ ಆಗ್ಲೇ ನೋಡ್ಬೇಕು, ಇವತ್ತು ಮಾರಿದ ಶೇರ್‌ನ ದುಡ್ಡು ಇವತ್ತೇ ಪೂರ್ತಿ ನಿಮ್ಮದಾಗಲ್ಲ. ಅಮೆರಿಕದಲ್ಲಿ 2024ರ ಮೇ 28ರಿಂದ ಅದು ಒಂದು ಕೆಲಸದ ದಿನಕ್ಕೆ ಇಳಿದಿದೆ, ಅದಕ್ಕೂ ಮುಂಚೆ ಎರಡು ದಿನ ಇತ್ತು, ಎರಡೇ ದಿನ ತಗೊಳ್ಳೋ ಮಾರ್ಕೆಟ್‌ಗಳು ಇನ್ನೂ ಇವೆ. ನಿಮ್ಮ ಎಕ್ಸ್‌ಚೇಂಜ್‌ನಲ್ಲಿ ಎಷ್ಟು ದಿನ ಅಂತ ಬ್ರೋಕರ್ ಹತ್ರ ಕೇಳಿ, ನಾಳೆ ಎಷ್ಟು ದುಡ್ಡು ನಿಜವಾಗ್ಲೂ ಕೈಯಲ್ಲಿರತ್ತೆ ಅಂತ ಬರ್ಕೊಂಡೇ ಸಿಸ್ಟಮ್ ಆಫ್ ಮಾಡಿ, ನಾಳೆ ಬೆಳಗ್ಗೆ ಕ್ವಾಂಟಿಟಿ ಲೆಕ್ಕ ಹಾಕೋಕೆ ಆ ಅಂಕಿನೇ ಬೇಕಾಗೋದು.